ಕೋರಂ ಸಾಹೇಬರು ಬರಲಿಲ್ಲ

...ಅಲ್ಲಾ ಜಯಮಾಲಾ, ಇಷ್ಟು ಹೇಳಿದ್ರೂ ನಗು ಬರಲಿಲ್ಲೇನು ನಿನಗ? ತಡಿ ತಡಿ, ನಾ ಬರೋಬ್ಬರಿ ಹೇಳಲಿಲ್ಲ ಕಾಣ್ತದ. ಮತ್ತೊಮ್ಮಿ ಕೇಳು. ಹನ್ನೆರಡು ಮಂದಿ! ನಿನ್ನ ಶಿಷ್ಯರು! ಇಸ್ತ್ರಿ ಅಂಗಿ ಹಾಕ್ಕೊಂಡು, ತಲಿಗಿ ಎಣ್ಣಿ ಬಡಕೊಂಡು, ನಮ್ಮ ದಂಡೋತಿ ಬ್ರಿಜ್ಜಿನ ಮ್ಯಾಲ ಸಾಲಾಗಿ ನಿಂತಾರ. ಚನ್ನೂನ ಕೈಯಾಗ ಚೆಂಡುಹೂವಿನ ಹಾರ. ಅವನ ಬಾಜೂಕ ನಿಂತಾವನ ಕೈಯಾಗ ಟೆಂಗಿನಕಾಯಿ. ಕೆಳಗ ಕಾಗಿಣಾ ಹೊಳಿ ತನ್ನ ಪಾಡಿಗಿ ತಾ ಹರಿಯಾಕತ್ತದ. ಇವರು ಮಾತ್ರ ಕತ್ತು ಚಾಚಿ ಚಿತ್ತಾಪುರ ರಸ್ತಾ ನೋಡಾಕತ್ತಾರ. ಯಾಕ? ಕೋರಂ ಸಾಹೇಬರು ಬರ್ತಾರ! ಹ್ಹಹ್ಹಹ್ಹ... ಕೋರಂ ಸಾಹೇಬರು!

ಅಷ್ಟರಾಗ ಬಂತು ನೋಡವ್ವಾ ಒಂದು ಬಿಳಿ ಜೀಪು. ಒಳಗ ಬಿಳಿ ಅಂಗಿ, ಬಿಳಿ ಟೊಪ್ಪಿಗಿ. ಯಾರಂತಿ? ಶಹಾಬಾದಿನ ಎಮ್ಮಿ ದಲ್ಲಾಳಿ! ಎಮ್ಮಿ ನೋಡಾಕ ಹೊಂಟಿದ್ದ ಪಾಪ. ಚನ್ನು ಓಡಿ ಹೋಗಿ ಹಾರ ಹಾಕೇ ಬಿಟ್ಟ! ಕಾಯಿ ಒಡದೇ ಬಿಟ್ರು! ಆ ದಲ್ಲಾಳಿನರ ಸುಮ್ನಿದ್ದನೇನು? ಜೀಪಿನಿಂದ ಇಳದು, ಕೈ ಮುಗದು, ಭಾಷಣನೇ ಮಾಡಿಬಿಟ್ಟ: "ದಂಡೋತಿ ಮಂದಿ ಪ್ರೀತಿ ನಾ ಸಾಯೋತನಕ ಮರಿಯಂಗಿಲ್ಲ. ಹಾಲು ಕರಿಯೋ ಎಮ್ಮಿ ಇದ್ರ ಹೇಳ್ರಿ!"

...ಇಲ್ಲಾ? ಈಗನೂ ಇಲ್ಲಾ?

ಥೇಟ್ ನಿಮ್ಮಪ್ಪನೇ ನೀ. ಮಂದಿಯೆಲ್ಲಾ ಹೊಟ್ಟಿ ಹಿಡ್ಕೊಂಡು ನಗ್ತಿದ್ರೂ ನಮ್ಮಣ್ಣ ಅಯ್ಯಪ್ಪ ಪೆನ್ನು ಹಿಡ್ಕೊಂಡು ಗುಮ್ಮಂತ ಕುಂತಿರ್ತಿದ್ದ. ಹೋಗಿ ಮೂರು ವರ್ಷ ಆಯ್ತು, ಆ ಮಾರಿ ನಿನಗ ಬಿಟ್ಟು ಹೋಗ್ಯಾನ.

ಕುಂದ್ರು. ಕುಂದ್ರು ಅನ್ನಾಕತ್ತೀನಿ. ಫರ್ಸಿ ಕಲ್ಲಿನ ಕಟ್ಟಿ ತಣ್ಣಗದ. ಬಿಸಲಾಗ ನಿಂತು ಯಾರಿಗಿ ಹೆದರಸಾಕತ್ತೀದಿ? ಇದು ನನ್ನ ಮನಿ ಅಂಗಳ, ನಿನ್ನ ಕ್ಲಾಸಲ್ಲ. ಮೀನಿನ ಬಲಿ ಹೊಲಿಯಾಕತ್ತೀನಿ ನಾ. ಕೈಗಿ ಕೆಲಸ ಅದ, ಬಾಯಿ ಅಷ್ಟೇ ಖಾಲಿ ಅದ. ಆ ಫೈಲ್ ಯಾಕ ಎದಿಗಿ ಅವುಚಿಕೊಂಡೀದಿ, ಹೊಟ್ಟ್ಯಾಗ ಹುಟ್ಟಿದ ಕೂಸಿನಂಗ?

ನಿನಗ ಬೇಕಾದ್ದು ಏನಂತ ಗೊತ್ತದ ನನಗ. ನೀ ಬಾಯಿ ಬಿಡೋದೇ ಬ್ಯಾಡ. "ನಾನು ಭಾಗಣ್ಣ, ದಂಡೋತಿ ಮೀನುಗಾರರ ಸಂಘದ ಮೆಂಬರ, ಹುಡುಗರಿಗಿ ಬೇಕಂತಲೇ ಸುಳ್ಳು ಹೇಳಿ ಸಭಾಕ್ಕ ಬರದಂಗ ಮಾಡೀನಿ" ಅಂತ ಬರ್ದು ಸಹಿ ಹಾಕಿ ಕೊಡಬೇಕು. ನೀ ಅದನ್ನ ತಗೊಂಡು ಹನ್ನೊಂದರ ಬಸ್ಸಿಗಿ ಸೇಡಂಗ ಹೋಗ್ತಿ. ಅಲ್ಲಿ ಸಹಕಾರ ಆಫೀಸಿನ ಸಾಹೇಬರ ಮುಂದ ಇಡ್ತಿ. ತಕರಾರು ಕೊಡಾಕ ಇವತ್ತೇ ಕಡೀ ದಿನ. ಅವರು ಆ ಸಭಾದ ಠರಾವು ರದ್ದು ಮಾಡ್ತಾರ, ನಮ್ಮ ಸಣ್ಣ ಸಂಘ ಹೋಗಿ ಚಿತ್ತಾಪುರದ ದೊಡ್ಡ ಸೊಸೈಟಿಯೊಳಗ ಕೂಡೋದು ನಿಂದರ್ತದ. ಹೌದಿಲ್ಲೋ?

ಕೊಡಂಗಿಲ್ಲ. ಹೋಗು.

...ಹೋಗು ಅಂದ್ರ ಹೋಗಲ್ಲ, ಕುಂದ್ರು ಅಂದ್ರ ಕುಂದ್ರಲ್ಲ. ಎಂಥಾ ಹುಡುಗಿನೋ ಏನೋ.

ಅಲ್ಲಾ, ಕೋರಂ ಅಂದ್ರ ಮನಷಾ ಅಲ್ಲ ಅಂತ ನನಗ ಗೊತ್ತಿಲ್ಲೇನು? ಸಭಾ ನಡೀಬೇಕಂದ್ರ ಕಡಿಮಿ ಅಂದ್ರ ಇಷ್ಟು ಮಂದಿ ಬಂದು ಕುಂದ್ರಬೇಕು, ಅದಕ್ಕ ಕೋರಂ ಅಂತಾರ. ನಮ್ಮ ಸಂಘಕ್ಕ ಹದಿನೈದು. ಆದ್ರ ನಮ್ಮ ಹಿರಿಯಾರು ಹ್ಯಾಂಗ ಮಾತಾಡ್ತಾರ ನೀನೇ ಕೇಳೀದಿ. "ಕೋರಂ ಬಂತೇನಪ್ಪಾ?" "ಇಲ್ಲ, ಇನ್ನಾ ಬಂದಿಲ್ಲ." "ಕೋರಂ ಬಂದ ಮ್ಯಾಲ ಚಹಾ ಕೊಡ್ರಿ." ಹಿಂಗ ಮಾತಾಡಿದ್ರ ಯಾರಿಗರ ಏನನಸ್ತದ? ಯಾರೋ ದೊಡ್ಡ ಮನಷಾ ಬರಾಕತ್ತಾನ ಅನಸ್ತದ. ನನಗ ಹತ್ತು ವರ್ಷ ಇದ್ದಾಗ ನಾನೂ ಹಂಗೇ ತಿಳಕೊಂಡಿದ್ದೆ. ಸಭಾ ನಡಿಯೋ ಸಾಲಿ ಬಾಗಲಾಗ ನಿಂತು ಕಾಯ್ದೆ ಕಾಯ್ದೆ... ಕಡೀಕ ಒಳಗ ಓಡಿ ಹೋಗಿ "ಕೋರಂ ಮಾಮಾ ಬರಲಿಲ್ಲರೀ" ಅಂದೆ. ಸಭಾಕ್ಕ ಸಭಾನೇ ಬಿದ್ದು ಬಿದ್ದು ನಗ್ತು. ಅವತ್ತಿನಿಂದ ಈ ಊರಾಗ ನಾ ನಗಸೋ ಮನಷಾ. ನೌಕರಿ ಸಿಕ್ಕಂಗ ಆಯ್ತು ನೋಡು, ಕಾಯಂ ನೌಕರಿ!

ಅದೇ ಮಜಾಕ ಹುಡುಗರ ಕೂಡ ಮಾಡೀನಿ. ಏನ್ ಖೂನಿ ಮಾಡೀನೇನು?

ಅದರ ಮ್ಯಾಲ ಕರ್ದಾಕಿ ನೀನೇ. ನಾನೇನು ಕೇಳಿಕೊಂಡು ಬಂದಿದ್ದಿಲ್ಲ. "ಕಾಕಾ, ಈ ಐತವಾರ ನನಗ ಚಿಂಚೋಳಿಗಿ ಹೋಗೋದದ, ನಮ್ಮ ಹುಡುಗರಿಗಿ ಒಂದ್ ತಾಸು ನೀ ಕ್ಲಾಸ್ ತಗೋ, ನಿನ್ನ ಮಾತಂದ್ರ ಅವರಿಗಿ ಭಾಳ ಖುಷಿ" ಅಂತ ಯಾರಂದ್ರು? ಪಾಠದ ಹೆಸರು ಚೀಟ್ಯಾಗ ಬರ್ದು ಕೈಯಾಗಿಟ್ಟಾಕಿ ಯಾರು? "ಸಭೆ ಮತ್ತು ಕೋರಂ". ನಿನ್ನ ಅಕ್ಷರ! ಈಗ ಸುದ್ದ ಈ ಮನ್ಯಾಗ ಅದ ಆ ಚೀಟಿ. ನಾ ಕಲಿಸ್ದೆ. "ಕೋರಂ ಸಾಹೇಬರು ಕಲಬುರಗಿಯಿಂದ ಬರ್ತಾರ. ಬಿಳಿ ಜೀಪಿನಾಗ ಬರ್ತಾರ. ಅವರು ಬರದೆ ಸಭಾ ಶುರು ಆಗಂಗಿಲ್ಲ. ಮುಂದಿನ ಐತವಾರ ನೀವು ಹೊಸ ಮೆಂಬರಗಳು, ಬ್ರಿಜ್ಜಿನ ಮ್ಯಾಲ ನಿಂತು ಅವರಿಗಿ ಹಾರ ಹಾಕಿ ಕರ್ಕೊಂಡು ಬರ್ರಿ." ಹುಡುಗರು ನಂಬಿದ್ವು. ನಂಬಿದ್ರ ತಪ್ಪು ಯಾರದು? ನಂಬಾಕ ಕಲಿಸಿದಾಕಿದು!

ಹಂಗ್ಯಾಕ ನೋಡ್ತಿ?

ಒಂದ್ ವರ್ಷದಿಂದ ನೋಡಾಕತ್ತೀನಿ ನಿನ್ನ ಮೇಡಂಗಿರಿ. ಹೆಗಲಿಗೊಂದು ಚೀಲ, ಸಂಘದ ಪಾಠ ಹೇಳ್ಕೊತ ಊರೂರು ತಿರಗಾಟ. ಭಂಕೂರದಾಗ ಹನ್ನೊಂದು ಮಂದಿ ಕಲ್ಲು ಒಡಿಯೋರ ಸಂಘ, ಅಲ್ಲಿಗಿ ಹೋಗ್ತಿ. ಚಿಂಚೋಳಿ ಗುಡ್ಡದಾಗ ಜೇನು ಬಿಡಸೋರ ಸಂಘ, ಇಪ್ಪತ್ತು ಮಂದಿ ಸುದ್ದ ಇಲ್ಲ, ಅಲ್ಲಿಗೂ ಹೋಗ್ತಿ. ವಾಡಿ ಕಡಿ ನೌಕರದಾರರ ಸೊಸೈಟಿ, ಸಾವಿರಗಟ್ಟಲೆ ಮಂದಿ, ಅಲ್ಲಿಗೂ ನೀನೇ. ಎಲ್ಲಾ ಕಡಿ ಅದೇ ಒಂದ್ ಮಾತು: "ಸಂಘ ಸಣ್ಣದಿರಲಿ ದೊಡ್ಡದಿರಲಿ, ಒಬ್ಬರಿಗಿ ಒಂದೇ ಕೈ. ಆದ್ರ ಸಣ್ಣ ಸಂಘದಾಗ ನಿಮ್ಮ ಕೈ ಎಲ್ಲಾರಿಗೂ ಕಾಣ್ತದ." ಆಹಾಹಾ! ಹುಡುಗರು ಅದನ್ನ ಕೆಂಪು ಪೆನ್ನಿಲಿ ಬರ್ಕೊಂಡಾವ. ಕೈ ಕಾಣ್ತದಂತ! ಐವತ್ತೆರಡು ವರ್ಷ ಆಯ್ತು ನನಗ. ನನ್ನ ಕೈ ಯಾವಾಗ ಯಾರಿಗಿ ಕಂಡದ...

ಅದು ಬಿಡು. ಹಂಗೇ ಬಾಯಿಗಿ ಬಂತು.

ದೊಡ್ಡ ಸೊಸೈಟಿ ಅಂದ್ರ ಏನು ಕೆಟ್ಟದೇನು? ಎಂಟುನೂರು ಮಂದಿ. ಸ್ವಂತ ಬಿಲ್ಡಿಂಗ್. ಮೀನು ಕೆಡದಂಗ ಐಸಿನ ವ್ಯಾನು. ನಮ್ಮದು ಮೂವತ್ತೊಂದು ಮಂದಿ, ಅದರಾಗ ಹನ್ನೆರಡು ಮಂದಿ ನೀ ಹೋದ ವರ್ಷ ತುಂಬಿಸಿದ ಪೋರಗೋಳು. ಒಂದು ಕಪಾಟು, ಅದರ ಬಾಗಲಾ ಹತ್ತಂಗಿಲ್ಲ. ಇಂಥಾದ್ದು ಹೋಗಿ ದೊಡ್ಡದರಾಗ ಕೂಡಿದ್ರ ಏನ್ ಹೋಗ್ತದ ನಿನ್ನ ಗಂಟು?

...ಗೊತ್ತಾಯ್ತು. ನೀ ಹೇಳಲಿಲ್ಲ, ನಿನ್ನ ಮಾರಿ ಹೇಳ್ತು. ಪಾಳಿ ಹೋಗ್ತದ.

ಹೌದು, ಪಾಳಿ ಹೋಗ್ತದ. ನಮ್ಮ ಮಡುವಿನಾಗ ಇವತ್ತು ಈ ಮನಿ ಬಲಿ, ನಾಳಿ ಆ ಮನಿ ಬಲಿ. ಗಂಡಸಿಲ್ಲದ ಮನಿ ಇದ್ರೂ ಅವರ ಪಾಳಿ ತಪ್ಪಂಗಿಲ್ಲ, ಅವರ ಹೆಸರಿಲಿ ಬೇರೆದವರು ಇಳದು ಬಲಿ ಬೀಸ್ತಾರ, ಬಂದ ಮೀನೆಲ್ಲಾ ಅವರ ಬುಟ್ಟಿಗಿ. ಇಂಥಾ ಕಾನೂನು ಚಿತ್ತಾಪುರದ ಸೊಸೈಟಿಯೊಳಗ ಇಲ್ಲ. ಬರೋ ತಿಂಗಳಿಂದ ಮಡುವು ಅವರ ಕೈಗಿ. ಇಲ್ಲ ಅಂದೆನೇನು ನಾ? ಆದ್ರ ಒಂದ್ ಮಾತು ಹೇಳು. ಮೂರು ವರ್ಷದಿಂದ ನಿಮ್ಮವ್ವ ಮಾಣಿಕಮ್ಮನ ಪಾಳಿ ದಿನ ಹೊಳಿಗಿ ಇಳದಾವ ಯಾರು? ಎದಿಮಟ ನೀರಾಗ ನಿಂತು ಬಲಿ ಬೀಸಿದಾವ ಯಾರು? ನಾ! ಒಂದ್ ಮೀನು ನನ್ನ ಮನಿಗಿ ಒಯ್ದಿಲ್ಲ. ಆ ಮೀನು ತಿಂದೇ ನೀ ಕಾಲೇಜು ಕಲ್ತು ಮೇಡಂ ಆದಿ. ಈಗ ಬಂದು ನನ್ನ ಅಂಗಳದಾಗ ಠಾಣೇದಾರನಂಗ ನಿಂತೀದಿ!

ಅಳಬ್ಯಾಡ. ...ಅಳಾಕತ್ತಿಲ್ಲ? ಬಿಸಲು ಬಿದ್ದಿರಬೇಕು ಕಣ್ಣಾಗ. ಮತ್ತೇನು ಮಾಡಬೇಕಂತಿ ನಾ?

ಶಿಕ್ಷಾ ಆಗಿಲ್ಲೇನು ನನಗ? ಅಲ್ಲಾವುದ್ದೀನನ ಹೋಟಲದಾಗ ಕೇಳಿ ನೋಡು ಹೋಗು. ಇಪ್ಪತ್ತೈದು ವರ್ಷ ಆ ಬೆಂಚಿನ ಮ್ಯಾಲ ನಾ ಕುಂತ್ರ ಚಹಾ ಆರಿ ಹೋದ್ರೂ ಮಂದಿ ಏಳ್ತಿರಲಿಲ್ಲ. ಈಗ ನಾ ಒಳಗ ಕಾಲಿಟ್ರ ಸಾಕು, ನಿನ್ನ ಹುಡುಗರು ಒಬ್ಬೊಬ್ಬರೇ ಎದ್ದು ಹೊರಗ ಹೋಗ್ತಾರ. ಮೊನ್ನಿ ಒಂದ್ ಕಥಿ ಶುರು ಮಾಡಿದ್ದೆ, ಅರ್ಧಕ್ಕ ಬಂದಿದ್ದೆ, ಆ ಚನ್ನು ಎದ್ದು ನಿಂತು ಏನಂದ ಗೊತ್ತೇನು? "ಕಾಕಾ, ಕೋರಂ ಇಲ್ಲ. ಕಥಿ ಮುಂದೂಡೀವಿ." ಹಂಗಂದು ಹೊಂಟೇಬಿಟ್ಟ. ಬೆಂಚಿನ ಮ್ಯಾಲ ನಾ ಒಬ್ಬನೇ. ಅಲ್ಲಾವುದ್ದೀನನೂ ಸುಮ್ನೇ ಕಪ್ಪು ತೊಳಿಯಾಕತ್ತಿದ್ದ. ರಸ್ತಾದಾಗ ಸಣ್ಣ ಸಣ್ಣ ಪೋರಗೋಳು ಸುದ್ದ "ಕೋರಂ ಕಾಕಾ ಬಂದ" ಅಂತಾವ. ಅದು... ಮಜಾಕ ಛಲೋ ಅದ, ನಾ ಒಪ್ಕೋತೀನಿ. ನಾನೇ ಮಾಡಿದ್ರೂ ಅಷ್ಟು ಛಲೋ ಆಗ್ತಿರಲಿಲ್ಲ.

ಈಗಾದ್ರೂ ನಗು. ನನ್ನ ಮ್ಯಾಲೇ ಅದ ಈ ಜೋಕು, ನಗಾಕ ಏನ್ ತ್ರಾಸು?

...ಏನದು? ಫೈಲಿನಿಂದ ಏನ್ ತಗದಿ? ಅಲ್ಲೇ ಕಟ್ಟಿ ಮ್ಯಾಲ ಇಡು, ನನ್ನ ಕೈ ಬಿಡುವಿಲ್ಲ. ಗಾಳಿಗಿ ಹಾರ್ತದ, ಬಲಿ ಗುಂಡು ಇಡು ಮ್ಯಾಲ.

ಹಾಂ. ಆ ಸಭಾದ ನಡಾವಳಿ. ಝೆರಾಕ್ಸ್. ಚಿತ್ತಾಪುರಕ್ಕ ಹೋಗಿ ತಂದಿಯೇನು? ತಂದ್ರ ತಂದಿ. ಹುಷಾರ ಇದ್ದಿ ಬಿಡು. ಅದರಾಗೇನದ? "ಹಾಜರಿದ್ದವರು ಒಂಬತ್ತು. ಕೋರಂ ಆಗದ್ದರಿಂದ ಸಭೆ ಅರ್ಧ ತಾಸು ಮುಂದೂಡಲಾಯಿತು. ಮುಂದೂಡಿದ ಸಭೆಗೆ ಕೋರಂ ಬೇಕಾಗಿಲ್ಲ." ಕಾನೂನೇ ಹಂಗದ, ನಾ ಮಾಡೀನೇನು? "ವಿಲೀನದ ಪರವಾಗಿ ಏಳು ಕೈ, ವಿರೋಧ ಎರಡು." ಎರಡರಾಗ ಒಂದು ನಿಮ್ಮವ್ವಂದು. ಏಳರಾಗ ಒಂದು ನನ್ನದು. ಎಲ್ಲಾರೂ ಎತ್ತಿದ್ರು, ನಾನೂ ಎತ್ತೀನಿ. ಮಜಾಕ ಬೇರೆ, ಕೈ ಎತ್ತಿದ್ದು ಬೇರೆ. ಎರಡೂ ತಗೊಂಡು ಒಂದಕ್ಕೊಂದು ಗಂಟ ಹಾಕಬ್ಯಾಡ.

ಬೆರಳು ಎಲ್ಲಿ ಇಡಾಕತ್ತಿ?

"ಸೂಚಕರು: ಭಾಗಣ್ಣ." ಅದು... ಅದು ಅಣವೀರ ಬರ್ಸ್ಯಾನ. ಅಧ್ಯಕ್ಷ ಅಲ್ಲೇನು ಅಂವ? ಸಭಾ ಮುಗದ ಮ್ಯಾಲ ಯಾರದರ ಹೆಸರು ತುಂಬತಾರ, ಎಲ್ಲಾ ಸಂಘದಾಗ ನಡೀತದ ಅದು. ನನ್ನ ಕೇಳಲಿಲ್ಲ, ಹೇಳಲಿಲ್ಲ...

ಹಂಗ್ಯಾಕ ಸುಮ್ನ ನಿಂತೀದಿ? ಏನರ ಅನ್ನು. ಬೈಯಿ. ನಿಮ್ಮವ್ವ ಓಣ್ಯಾಗ ನಿಂತು ಅರ್ಧ ತಾಸು ಬೈದಳು, ಭಾಳ ಆರಾಮ ಆಯ್ತು ನನಗ. ನೀನೂ ಬೈಯಿ.

...ಅಕ್ಷರಾ ನೋಡಾಕತ್ತೀಯೇನು?

ಹೌದು, ನನ್ನ ಅಕ್ಷರನೇ ಅದು. ಏನೀಗ? ಅಣವೀರಗ ಕೈ ನಡಗ್ತದ, ಬರಿ ಅಂದ, ಬರ್ದೆ. ಸಭಾದಾಗ ಕುಂತು... ಅಲ್ಲಾ, ಸಭಾ ಮುಗದ ಮ್ಯಾಲ... ಇಲ್ಲ ತಡಿ, ಅರ್ಧ ತಾಸು ಖಾಲಿ ಇತ್ತಲ್ಲ, ಆವಾಗ...

ನೀ ಒಂದು ಹೂಂ ಅಂದ್ರ ನಾ ಇಷ್ಟು ಸುಳ್ಳು ಹೇಳೋದು ತಪ್ತದ ನೋಡವ್ವಾ. ಎದುರಿನಾವರು ಹೂಂ ಅಂದ್ರ ಒಂದೇ ಸುಳ್ಳಿನಾಗ ಕೆಲಸ ಮುಗೀತದ.

ಇನ್ನೊಂದು ಹಾಳಿ ಯಾಕ? ಅದೇನು... ಹಳೇ ಪುಸ್ತಕದ್ದೇನು? ಈ ಕಡಿ ತಿರುವು. ಕನ್ನಡಕ ಇಲ್ಲ...

ಅಯ್ಯಪ್ಪಣ್ಣನ ಅಕ್ಷರ.

ಎಲ್ಲಿ ಸಿಕ್ತು ಇದು ನಿನಗ? ಇಪ್ಪತ್ತೆರಡು ವರ್ಷದ ಹಿಂದಿಂದು. ಅದನ್ನೂ ಝೆರಾಕ್ಸ್ ಮಾಡಸಿಯೇನು? ಯಾಕ? ತಕರಾರಿಗಿ ಇದು ಬೇಕಾಗಿಲ್ಲಲ್ಲಾ. "ವಿಷಯ ನಾಲ್ಕು. ಊರಿನ ಹುಡುಗರಿಗೆ ಸಂಘದ ಕೆಲಸ ಕಲಿಸಬೇಕೆಂದು ಭಾಗಣ್ಣನವರು ತಮಾಷೆ ಮಾಡಿದರು. ಸಭೆ ನಕ್ಕಿತು. ಮುಂದಿನ ವಿಷಯ."

...

ನಾ ತಮಾಷೆ ಮಾಡಿರಲಿಲ್ಲ ಜಯಮಾಲಾ.

ಅವತ್ತು ಹೊಸಾ ಅಂಗಿ ಹಾಕ್ಕೊಂಡು ಹೋಗಿದ್ದೆ. ಏನ್ ಹೇಳಬೇಕಂತ ಮೂರು ದಿನ ಬಲಿ ಬೀಸ್ತಾ ಬೀಸ್ತಾ ಕಲ್ತಿದ್ದೆ. "ನಾಳಿ ಈ ಹುಡುಗರೇ ಮೆಂಬರ್ ಆಗೋರು, ಕೋರಂ ಅಂದ್ರ ಏನು, ಠರಾವು ಅಂದ್ರ ಏನು ಈಗೇ ಕಲಿಸಬೇಕು, ನನ್ನಂಗ ಬಾಗಲಾಗ ನಿಂತು ಕಾಯೋದು ಬ್ಯಾಡ" ಅಂದೆ. ಅದರ ಹಿಂದಿನ ವಾರನೇ ನಾ ಅಣವೀರನ ಚಪ್ಪಲಿ ಮೀನಿನ ಬುಟ್ಟ್ಯಾಗ ಮುಚ್ಚಿ ಸಂತಿಗಿ ಕಳಿಸಿದ್ದೆ. ಎದ್ದು ನಿಂತಾವ ನಾ ಅಲ್ಲೇನು, ಇದೂ ಹಂಗೇ ಅಂದ್ಕೊಂಡ್ರು. ನಕ್ರು. ನಗಲಿ, ಮಂದಿ ನಗ್ತದ. ಆದ್ರ ನಿಮ್ಮಪ್ಪ ನಗಲಿಲ್ಲ. ನನ್ನ ಖಾಸಾ ಅಣ್ಣ, ಪೆನ್ನು ಹಿಡ್ಕೊಂಡು ನನ್ನ ಮಾರಿ ನೋಡ್ದ. ಇಂವ ಖರೇ ಮಾತಾಡಾಕತ್ತಾನ ಅಂತ ಅವನೊಬ್ಬಗ ಗೊತ್ತಾಗಿತ್ತು. ಗೊತ್ತಿದ್ದೂ ಬರ್ದ. ತಮಾಷೆ.

ಅದೇ ಮಾತು ಹೋದ ವರ್ಷ ನೀ ಅಂದಿ. ಅದೇ ಸಾಲಿ, ಅದೇ ಅಣವೀರ. ಎಲ್ಲಾರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಹಿಂದಿನ ಸಾಲಿನಾಗ ಕುಂತು, ಎಲ್ಲಾರಕಿಂತ ಜೋರ ಹೊಡದೆ, ನೀನೇ ನೋಡಿದಿಯಲ್ಲಾ?

ಏನು ನೋಡ್ತಿ? ಇನ್ನೇನದ ನನ್ನ ಹತ್ರ? ಎಲ್ಲಾ ಕೊಟ್ಟೆನಲ್ಲಾ!

...

ಶನಿವಾರ ಬರ್ದೆ.

ಸಭಾ ಐತವಾರ. ಠರಾವು ನಾ ಶನಿವಾರ ಬರ್ದಿದ್ದೆ, ಇದೇ ಕಟ್ಟಿ ಮ್ಯಾಲ ಕುಂತು. "ಹಾಜರಿದ್ದವರು ಒಂಬತ್ತು" ಅಂತ ಶನಿವಾರನೇ ಬರ್ದಿದ್ದೆ. ಹಳೇ ಮಂದಿ ಹತ್ತೊಂಬತ್ತು, ಅದರಾಗ ಹೈದರಾಬಾದಿಗಿ ದುಡಿಯಾಕ ಹೋದವರು ಯಾರು, ಹಾಸಗಿ ಹಿಡದವರು ಯಾರು, ಎಲ್ಲಾ ಬೆರಳು ಮಡಚಿ ಎಣಿಸಿದ್ದೆ. ಹುಡುಗರು ಹನ್ನೆರಡು ಬಂದ್ರ ಇಪ್ಪತ್ತೊಂದು. ಕೋರಂ ಆಗ್ತದ. ಹನ್ನೆರಡೂ ಕೈ ವಿರೋಧ ಏಳ್ತಾವ. ನೀ ಕಲಿಸೀದಿ, ಎತ್ತೇ ಎತ್ತತಾರ. ಅದಕ್ಕೇ ಬ್ರಿಜ್ಜಿಗಿ ಕಳಿಸ್ದೆ. ಅದಕ್ಕೇ "ಕೋರಂ ಸಾಹೇಬರಿಗಿ ಫೋನ್ ಅಂದ್ರ ಸಿಟ್ಟು, ಎಲ್ಲಾರೂ ಬಂದ್ ಮಾಡಿ ಇಡ್ರಿ" ಅಂದೆ. ಅದನ್ನ ಹುಡುಗರು ನಿನಗ ಹೇಳ್ಯಾರಲ್ಲಾ? ಮಜಾಕ ಮಾಡಾವ ಫೋನ್ ಬಂದ್ ಮಾಡ್ಸಂಗಿಲ್ಲ, ಹೌದಿಲ್ಲೋ. ನಿನಗ ಅವತ್ತೇ ತಿಳದದ. ಮತ್ತ ಇಷ್ಟೊತ್ತು ಆ ಎಮ್ಮಿ ದಲ್ಲಾಳಿ ಕಥಿ ಯಾಕ ಕೇಳ್ಕೊತ ನಿಂತಿ ಹುಡುಗಿ?

ದಲ್ಲಾಳಿ ಬರಲಿಲ್ಲ. ಜೀಪೂ ಇಲ್ಲ, ಏನೂ ಇಲ್ಲ. ನಾ ಬ್ರಿಜ್ಜಿನ ಮ್ಯಾಲ ಇದ್ದೇ ಇಲ್ಲ, ಸಾಲಿ ಪಡಸಾಲ್ಯಾಗ ಎದ್ದು ನಿಂತು ಠರಾವು ಓದಾಕತ್ತಿದ್ದೆ. "ಸೂಚಕರು ಯಾರು?" ಅಂದ ಅಣವೀರ. "ನಾ" ಅಂದೆ. ಬರ್ಕೊಂಡ್ರು. ಒಂದಕ್ಷರ ಬಿಡದಂಗ ಬರ್ಕೊಂಡ್ರು.

ಯಾರೂ ನಗಲಿಲ್ಲ ಅವತ್ತು.

ಹುಡುಗರು ಬರೋಹೊತ್ತಿಗಿ ಸಾಲಿಗಿ ಕೀಲಿ ಹಾಕಿತ್ತು. ನಾ ಬೇವಿನ ಗಿಡದ ಕೆಳಗ ನಿಂತಿದ್ದೆ. ಚನ್ನೂನ ಕೈಯಾಗ ಹಾರ ಹಂಗೇ ಇತ್ತು, ಬಾಡಿತ್ತು. "ಕಾಕಾ, ಸಾಹೇಬರು ಬರಲಿಲ್ಲ" ಅಂದ. ಹತ್ತು ವರ್ಷದ ಹುಡುಗನಂಗೇ ಅಂದ. ಆವಾಗ ನಾ... ನಾ ನಕ್ಕೆ.

ಎಷ್ಟಾಯ್ತು ಟೈಮು? ಬಸ್ಸು ಇನ್ನಾ ಅದಲ್ಲ?

ಏನು, ಪೆನ್ನು ನನಗ್ಯಾಕ ಚಾಚ್ತಿ? ನೀ ಬರಿ, ನಾ ಸಹಿ ಹಾಕ್ತೀನಿ. ನಿಮ್ಮನ್ಯಾಗ ಎಲ್ಲಾರದೂ ಅಕ್ಷರ ಛಲೋ ಅದ... ಇಲ್ಲಾ? ನಾನೇ ಬರೀಬೇಕೇನು? ನನ್ನ ಮಾತು, ನನ್ನ ಅಕ್ಷರದಾಗ?

ಹುಂ. ಈ ಬಲಿ ಹಿಡಿ ಜರಾ, ಗಂಟ ಬಿಚ್ಚತಾವ. ಹಾಳಿ ಇಲ್ಲಿ ಕೊಡು.

ಆ ಕಡಿ ತಿರುಗಿ ನಿಂದ್ರು. ಬರಿಯೋತನಕ ನನ್ನ ಮಾರಿ ನೋಡಬ್ಯಾಡ. ಮತ್ತ... ಜಯಮಾಲಾ. ಬಸ್ಸಿನಾಗ ಕುಂತು ಓದ್ತಿ ನೀ, ನನಗ ಗೊತ್ತದ. ಓದಿದ್ರ ಓದು.

ನಗಬ್ಯಾಡ.